ಒಂಬತ್ತು ಗಂಟೆಯ ಬಾಗಿಲು

ಐಲಿ ರಾಂಟಾನೆನ್ ಈ ಕೆಲಸಕ್ಕೆ ಬಂದು ಸೇರಿದ್ದು ಕನ್ನಡಕವನ್ನು ಮನೆಯಲ್ಲಿ ಮರೆತದ್ದರಿಂದ. ಆರು ವರ್ಷದ ಹಿಂದೆ ಒಂದು ಭಾನುವಾರ, ಸೇಂಟ್ ಹೆನ್ರಿಕ್ ಚರ್ಚಿನಲ್ಲಿ ಪ್ರಾರ್ಥನೆ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಒಂದು ಹಾಳೆ ಕೈಯಿಂದ ಕೈಗೆ ಬಂತು. ಪ್ರತಿವರ್ಷದಂತೆ ಏಲಕ್ಕಿ ಬ್ರೆಡ್ಡು ಮಾಡಿಕೊಡುವವರ ಪಟ್ಟಿ ಇರಬೇಕೆಂದು ಐಲಿ ಗುರುವಾರದ ಎದುರಿಗೆ ತನ್ನ ಹೆಸರು ಗೀಚಿದಳು. ಗುರುವಾರ ಎರಡು ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದರೆ ಚರ್ಚಿನ ನೆಲಮಾಳಿಗೆಯಲ್ಲಿ ಸಾಲಾಗಿ ಹದಿನಾಲ್ಕು ಮಡಚುವ ಮಂಚ ಹಾಕಿದ್ದರು. ಮನೆಮಠವಿಲ್ಲದವರು ಚಳಿಗಾಲದ ರಾತ್ರಿ ಕಳೆಯಲೆಂದು ಆ ವರ್ಷವೇ ತೆರೆದ ತಂಗುದಾಣ ಅದು. "ಬೆಳಗ್ಗೆ ಏಳರವರೆಗೆ ನಿಮ್ಮ ಪಾಳಿ" ಅಂದರು.

ಬ್ರೆಡ್ಡು ಇಟ್ಟು ವಾಪಸು ಬರಬಹುದಿತ್ತು. ಆದರೆ ಹೆಸರು ಬರೆದ ಮೇಲೆ ಬರೆದದ್ದೇ ಎನ್ನುವ ಜಾತಿಯವಳು ಐಲಿ. ಅವಳು ಇಪ್ಪತ್ತೇಳು ವರ್ಷ ಹಿಮ ತಳ್ಳುವ ಲಾರಿ ಓಡಿಸಿದವಳು. ಅಮೆರಿಕದ ಉತ್ತರದ ಸುಪೀರಿಯರ್ ಸರೋವರದ ದಡದ ಹೆಮ್ಲಾಕ್ ಬೇ ಎಂಬ ಆ ಊರಿನಲ್ಲಿ ನವೆಂಬರಿನಲ್ಲಿ ಬಿದ್ದ ಹಿಮ ಏಪ್ರಿಲ್ ಕೊನೆಯವರೆಗೂ ನೆಲ ಬಿಟ್ಟು ಹೋಗುವುದಿಲ್ಲ. ಊರು ಏಳುವ ಮೊದಲೇ ರಸ್ತೆ ತೆರೆದಿರಬೇಕು. ಲಾರಿ ಶೆಡ್ಡಿನಲ್ಲಿ ಮೊದಲ ಹೆಂಗಸಾಗಿ ಅವಳು ಸೇರಿದ ದಿನ ಗಂಡಸರು ಸ್ಟೇರಿಂಗಿಗೆ ಗುಲಾಬಿ ರಿಬ್ಬನ್ನು ಕಟ್ಟಿದ್ದರು. ಅವಳು ಅದನ್ನು ಬಿಚ್ಚಿ ಅದರಲ್ಲೇ ಕೈಯ ಆಯಿಲ್ ಒರೆಸಿಕೊಂಡು ಲಾರಿ ಹೊರಗೆ ತೆಗೆದಿದ್ದಳು. ಇಪ್ಪತ್ತೇಳು ವರ್ಷದಲ್ಲಿ ಒಂದು ದಿನವೂ ತಡವಾಗಿ ಹೋದವಳಲ್ಲ. ತಡವಾಗಿ ಬಂದವರನ್ನು ಸುಮ್ಮನೆ ಬಿಟ್ಟವಳೂ ಅಲ್ಲ.

ಹೀಗಾಗಿ ತಂಗುದಾಣದ ಬಾಗಿಲಿನ ನಿಯಮ ಹುಟ್ಟಿದ್ದೇ ಅವಳಿಂದ.

ಮೊದಲ ಚಳಿಗಾಲದಲ್ಲಿ ನೆಲಮಾಳಿಗೆಯ ಬಾಗಿಲಿಗೆ ಹೊತ್ತುಗೊತ್ತು ಇರಲಿಲ್ಲ. ಸಿಗರೇಟು ಸೇದಲು ಒಬ್ಬ ಹೊರಗೆ ಹೋಗುವನು, ಮತ್ತೊಬ್ಬ ಒಳಗೆ ಬರುವನು, ಪ್ರತಿ ಸಲ ಬಾಗಿಲು ತೆರೆದಾಗಲೂ ಸರೋವರದ ಗಾಳಿ ಮಲಗಿದವರ ಕಂಬಳಿಯೊಳಗೇ ನುಗ್ಗುವುದು. ಒಂದು ರಾತ್ರಿ ಹೊರಗೆ ಹೋಗಿ ಕುಡಿದು ಬಂದವನೊಬ್ಬ ಮಲಗಿದ್ದವನ ಮೇಲೆ ಬಿದ್ದು ಎರಡು ಹಲ್ಲು ಉದುರಿಸಿದ. ಮರುದಿನ ಮೂವರು ಸ್ವಯಂಸೇವಕರು ಬರುವುದನ್ನೇ ಬಿಟ್ಟರು. ಆಗ ತಂಗುದಾಣ ನಡೆಸುವ ಸಮಿತಿಯ ಸಭೆಯಲ್ಲಿ ಐಲಿ ಎದ್ದು ನಿಂತು ಮೇಜು ಗುದ್ದಿದಳು.

"ಒಂಬತ್ತಕ್ಕೆ ಬಾಗಿಲು ಅಂದ್ರೆ ಒಂಬತ್ತಕ್ಕೆ. ಒಂಬತ್ತೂ ಒಂದಕ್ಕೆ ಬಿಷಪ್ಪೇ ಬಂದು ತಟ್ಟಿದ್ರೂ ತೆಗೀಬಾರ್ದು. ಒಬ್ಬರಿಗೆ ತೆಗೆದ್ರೆ ಎಲ್ಲರಿಗೂ ತೆಗೀಬೇಕಾಗುತ್ತೆ."

ಸಮಿತಿ ಚಪ್ಪಾಳೆ ತಟ್ಟಿತು. ಕಾರ್ಯದರ್ಶಿ ಕರ್ಟಿಸ್ ಹೆಡ್ಲಂಡ್ ಅಕ್ಷರ ಬಿಡದೆ ಬರೆದುಕೊಂಡ. ಹೆಡ್ಲಂಡ್ ಶಾಲೆಯ ಉಪಪ್ರಾಂಶುಪಾಲನಾಗಿ ನಿವೃತ್ತನಾದವನು. ಅವನ ಜೇಬಿನಲ್ಲಿ ಸದಾ ಎರಡು ಪೆನ್ನು ಇರುತ್ತವೆ. ನಿಯಮ ಬಂದ ಮೇಲೆ ಜಗಳ ನಿಂತಿತು, ಸ್ವಯಂಸೇವಕರು ಮರಳಿ ಬಂದರು. ಐಲಿಗೆ ಹೆಮ್ಮೆಯೇ ಆಯಿತು. ತಂಗುದಾಣಕ್ಕೆ ಬರುವವರು ಅವಳನ್ನು ಹಿಂದಿನಿಂದ "ಸಾರ್ಜೆಂಟ್" ಅನ್ನತೊಡಗಿದರು. ಮರ್ಲ್ ಎಂಬವನು ಮಾತ್ರ ಎದುರಿಗೇ ಅನ್ನುತ್ತಿದ್ದ.

ಮರ್ಲ್ ಸರೋವರದ ಅದಿರು ಹಡಗುಗಳಲ್ಲಿ ಅಡುಗೆ ಮಾಡಿಕೊಂಡಿದ್ದವನು, ಅರವತ್ತರ ಮೇಲಿನ ಪ್ರಾಯ. ಐಲಿಯ ಸೂಪನ್ನು ಬಾಯಿಗಿಡುವ ಮೊದಲು ಮೂಸಿ ನೋಡುವನು. "ಸಾರ್ಜೆಂಟ್, ಇದರಲ್ಲಿ ಮೀನು ಬರೀ ನಡೆದುಕೊಂಡು ಹೋಯ್ತಾ, ಇಲ್ಲ ಒಂದು ರೌಂಡು ಈಜಿತಾ?" ಎಂದು ಕೇಳುವನು. ಆರು ವರ್ಷ ಕಳೆದ ಮೇಲೆ, ಒಂದು ಜನವರಿಯ ಮೊದಲ ವಾರ, ಮರ್ಲ್ ಒಂಬತ್ತು ದಾಟಿ ನಾಲ್ಕು ನಿಮಿಷಕ್ಕೆ ಬಂದು ಬಾಗಿಲು ತಟ್ಟಿದ. ಐಲಿ ಗಾಜಿನ ಹಿಂದಿನಿಂದ ಗಡಿಯಾರ ತೋರಿಸಿ ತಲೆ ಅಲ್ಲಾಡಿಸಿದಳು. ಅವನು ಆ ರಾತ್ರಿ ಅಂಚೆ ಕಚೇರಿಯ ಮುಂಬಾಗಿಲ ಸಂದಿಯಲ್ಲಿ ಕುಳಿತು ಕಳೆದ. ಬಲಗಿವಿಯ ತುದಿ ಹಿಮಕ್ಕೆ ಕಪ್ಪಾಗಿ ಸಿಪ್ಪೆ ಎದ್ದು ಬಂತು. ಮರುದಿನ ಸಂಜೆ ಆರೂವರೆಗೇ ಬಂದು ಸಾಲಿನಲ್ಲಿ ಮೊದಲು ನಿಂತ. "ನೋಡಿ ಸಾರ್ಜೆಂಟ್, ಇವತ್ತು ಬೇಗ ಬಂದಿದ್ದೀನಿ. ಕಿವಿ ಮಾತ್ರ ಇನ್ನೂ ಅಲ್ಲೇ ಇದೆ" ಅಂದ. ಐಲಿ ನಗಲಿಲ್ಲ. ಮುಲಾಮು ಹಚ್ಚಿದಳು. ನಿಯಮ ನಿಯಮವೇ ಎಂದು ಮನಸ್ಸಿಗೆ ಹೇಳಿಕೊಂಡಳು. ಮನಸ್ಸು ಪೂರ್ತಿ ಒಪ್ಪಲಿಲ್ಲ.

ಡಾರ್ಲಾ ಬುಶೇ ಅಲ್ಲಿಗೆ ಬಂದದ್ದು ಅದರ ಹಿಂದಿನ ಡಿಸೆಂಬರಿನಲ್ಲಿ. ವಯಸ್ಸು ನಲವತ್ತನಾಲ್ಕು, ತೆಳ್ಳನೆಯ ಹೆಂಗಸು, ಮಾತು ಕಡಿಮೆ. ತಾಯಿಯ ಜೊತೆ ಊರಾಚೆ ಚಕ್ರದ ಮೇಲಿನ ಟ್ರೇಲರ್ ಮನೆಯೊಂದರಲ್ಲಿ ಇದ್ದು ಎಂಟು ವರ್ಷ ಆಕೆಯ ಹೇಲು ಉಚ್ಚೆ ಬಾಚಿದ್ದಳು. ತಾಯಿ ಸತ್ತ ತಿಂಗಳೊಳಗೆ ಜಾಗದ ಒಡೆಯ ಖಾಲಿ ಮಾಡಿಸಿದ. ಆರನೇ ಮಂಚ ಅವಳದು, ಗೋಡೆಯ ಬದಿ, ಬಿಸಿನೀರಿನ ಪೈಪಿನ ಪಕ್ಕ. ಬೆಳಗ್ಗೆ ಏಳುವಾಗ ಹೊದಿಕೆಯನ್ನು ಆಸ್ಪತ್ರೆಯಲ್ಲಿ ಮಡಚುವ ಹಾಗೆ ಮೂಲೆಗೆ ಮೂಲೆ ಕೂಡಿಸಿ ಮಡಚುತ್ತಿದ್ದಳು. ಯಾರೂ ಹೇಳದಿದ್ದರೂ ಕಾಫಿ ಲೋಟಗಳನ್ನು ತೊಳೆದಿಡುತ್ತಿದ್ದಳು. ಐಲಿಗೆ ಮೆಚ್ಚುಗೆಯಾದದ್ದು ಅದೇ. ಕೆಲಸ ಹುಡುಕು, ಕೆಲಸ ಹುಡುಕು ಎಂದು ದಿನಾ ಅವಳ ತಲೆ ತಿಂದಳು. ಲೈಬ್ರರಿಗೆ ಕರೆದುಕೊಂಡು ಹೋಗಿ ಅರ್ಜಿಗಳನ್ನು ತುಂಬಿಸಿದಳು. ವಿಳಾಸದ ಜಾಗದಲ್ಲಿ ಏನು ಬರೆಯುವುದೆಂದು ಡಾರ್ಲಾ ಪೆನ್ನು ಹಿಡಿದು ಕೂತಾಗ ತನ್ನ ಮನೆಯ ವಿಳಾಸವನ್ನೇ ಬರೆಸಿದಳು.

ಜನವರಿ ಮಧ್ಯದ ಒಂದು ಸಂಜೆ ಡಾರ್ಲಾ ಮೆಟ್ಟಿಲು ಇಳಿದು ಬಂದವಳು ಕೋಟು ಸಹ ತೆಗೆಯದೆ ನೇರ ಅಡುಗೆಮನೆಗೆ ಬಂದಳು.

"ಐಲಿ, ಕೆಲಸ ಸಿಕ್ತು."

"ಎಲ್ಲಿ?"

"ಹೆದ್ದಾರಿ ಪಕ್ಕದ ಆ ಊಟದ ಹೋಟ್ಲಿದೆಯಲ್ಲ, ಅಲ್ಲಿ. ತಟ್ಟೆ ತೊಳೆಯೋದು. ಬುಧವಾರದಿಂದ ಭಾನುವಾರದ ತನಕ."

ಐಲಿ ಸೌಟು ಕೆಳಗಿಟ್ಟು ಅವಳ ಎರಡೂ ಭುಜ ಹಿಡಿದು ಅಲ್ಲಾಡಿಸಿದಳು. "ನೋಡಿದ್ಯಾ! ಹೇಳಿರ್ಲಿಲ್ವಾ ನಾನು?"

"ಮೂರು ಗಂಟೆಯಿಂದ ಹತ್ತು ಗಂಟೆವರೆಗೆ. ಅಡುಗೆಯವನು ತನ್ನ ಗಾಡೀಲಿ ಊರಿಗೆ ಬಿಡ್ತೀನಿ ಅಂದಿದ್ದಾನೆ."

"ಹತ್ತು ಗಂಟೆ" ಎಂದು ಐಲಿ ತನ್ನಷ್ಟಕ್ಕೆ ಹೇಳಿಕೊಂಡಳು. ಕೈ ಇನ್ನೂ ಡಾರ್ಲಾಳ ಭುಜದ ಮೇಲೆಯೇ ಇತ್ತು. "ಹತ್ತಾ?"

"ಹೌದು. ಅದಕ್ಕೇ ನಿಮ್ಮನ್ನ ಕೇಳೋಣ ಅಂತ ಬಂದೆ."

ಮಾರನೆಯ ದಿನ ಬೆಳಗ್ಗೆ ಐಲಿ ಹೆಡ್ಲಂಡನ ಮನೆಗೆ ಹೋದಳು. ಇದು ಐದು ನಿಮಿಷದ ಮಾತು ಎಂದುಕೊಂಡು ಪಿಕಪ್ಪಿನ ಎಂಜಿನ್ನನ್ನೂ ಆರಿಸದೆ ಒಳಗೆ ಹೋಗಿದ್ದಳು. ಹೆಡ್ಲಂಡ್ ಅವಳ ಮಾತನ್ನು ಪೂರ್ತಿ ಕೇಳಿ, ಎದ್ದು ಹೋಗಿ ಒಂದು ಫೈಲು ತಂದ.

"ಬಾಗಿಲಿನ ವಿಷಯದಲ್ಲಿ ಸಭೆಯ ನಡಾವಳಿ ಇದೆ, ಐಲಿ. ಓದ್ತೀನಿ, ಕೇಳಿ. 'ಒಂಬತ್ತೂ ಒಂದಕ್ಕೆ ಬಿಷಪ್ಪೇ ಬಂದು ತಟ್ಟಿದರೂ...'"

"ನಾನೇ ಹೇಳಿದ್ದು, ನನಗೇ ಓದಿ ಹೇಳ್ಬೇಡಿ."

"ನೀವು ಹೇಳಿದ್ದು ಸರಿಯಾಗೇ ಇತ್ತು. ಅದರ ಮೇಲೆಯೇ ವಿಮೆಯವರಿಗೆ ಪತ್ರ ಕೊಟ್ಟಿದ್ದೀವಿ. ರಾತ್ರಿ ಒಂಬತ್ತರ ಮೇಲೆ ಯಾರೂ ಒಳಗೆ ಬರೋದಿಲ್ಲ ಅಂತ."

"ಆಗ ಕುಡುಕರಿಗೆ ಅಂತ ಮಾಡಿದ್ದು. ಇವಳು ದುಡಿದು ಬರ್ತಾಳೆ ಕಣ್ರೀ. ಹತ್ತೂ ಇಪ್ಪತ್ತಕ್ಕೆ ಒಂದು ಸಲ ಬಾಗಿಲು ತೆಗೆದು ಮುಚ್ಚೋದು. ಅಷ್ಟೇ."

"ಇವತ್ತು ಇವಳಿಗೆ ತೆಗೀತೀವಿ. ನಾಳೆ ಮರ್ಲ್ ಬಂದು ನಾನೂ ಕೆಲಸದಿಂದ ಬಂದೆ ಅಂತಾನೆ. ಹೋದ ವಾರ ಅವನ ಕಿವಿ ಹಾಳಾಯ್ತಲ್ಲ, ಆಗ ಬಾಗಿಲ ಹಿಂದೆ ಯಾರಿದ್ರು?"

ಹೆಡ್ಲಂಡ್ ಕೆಟ್ಟವನಾಗಿದ್ದರೆ ಬೈದು ಬರಬಹುದಿತ್ತು. ಅವನು ಕೆಟ್ಟವನಲ್ಲ. ವಾರಕ್ಕೆ ಎರಡು ರಾತ್ರಿ ಸೊಂಟನೋವನ್ನು ಕಟ್ಟಿಕೊಂಡು ನೆಲಮಾಳಿಗೆಯ ಕುರ್ಚಿಯಲ್ಲಿ ಕೂರುವವನು. "ಸಭೆಗೆ ತನ್ನಿ. ಫೆಬ್ರವರಿ ಎರಡನೇ ಮಂಗಳವಾರ" ಅಂದ.

"ಅದಕ್ಕೆ ನಾಲ್ಕು ವಾರ ಇದೆ!"

"ತುರ್ತುಸಭೆ ಕರೀಬಹುದು. ಐದು ಜನ ಸದಸ್ಯರು ಬೇಕು. ಇಬ್ಬರು ಫ್ಲಾರಿಡಾದಲ್ಲಿದ್ದಾರೆ, ಬಿಸಿಲು ಕಾಯಿಸ್ಕೊಳ್ತಾ."

ಅವಳು ಹೊರಗೆ ಬಂದಾಗ ಪಿಕಪ್ಪು ಇನ್ನೂ ಗುರುಗುಟ್ಟುತ್ತಿತ್ತು.

ಬುಧವಾರ ಡಾರ್ಲಾ ಕೆಲಸಕ್ಕೆ ಹೋದಳು. ಆ ರಾತ್ರಿ ಎಲ್ಲಿ ಮಲಗಿದಳೋ ಐಲಿಗೆ ತಿಳಿಯಲಿಲ್ಲ. ಗುರುವಾರ ಐಲಿಯ ಪಾಳಿ, ಜೊತೆಗೆ ಹೆಡ್ಲಂಡ್. ಹೊರಗೆ ಮೈನಸ್ ಇಪ್ಪತ್ತು. ಒಂಬತ್ತಕ್ಕೆ ಐಲಿಯೇ ಚಿಲಕ ಹಾಕಿದಳು. ಹತ್ತೂ ಕಾಲಿನ ಹೊತ್ತಿಗೆ ನೆಲ ಒರೆಸುವ ನೆಪದಲ್ಲಿ ಬಾಗಿಲ ಬಳಿಯೇ ಸುತ್ತಾಡಿದಳು. ಹತ್ತೂ ಇಪ್ಪತ್ತೆರಡಕ್ಕೆ ಗಾಜಿನ ಆಚೆ ಡಾರ್ಲಾ ಬಂದು ನಿಂತಳು. ಟೋಪಿಯ ಮೇಲೆ ಹಿಮ, ಕೈಯಲ್ಲಿ ಹೋಟೆಲಿನ ಒಂದು ಪೊಟ್ಟಣ.

ಐಲಿ ಹಿಂದಕ್ಕೆ ತಿರುಗಿದಳು. ಹೆಡ್ಲಂಡ್ ಕುರ್ಚಿಯಲ್ಲಿ ಕೂತು ಅವಳನ್ನೇ ನೋಡುತ್ತಿದ್ದ. ಅವನ ಹಿಂದೆ ಹನ್ನೆರಡನೇ ಮಂಚದಲ್ಲಿ ಮರ್ಲ್ ಮೊಣಕೈ ಊರಿ ಎದ್ದು ಕೂತಿದ್ದ. ಕಿವಿಗೆ ಬಿಳಿ ಪಟ್ಟಿ. ಅವನು ಏನಾದರೂ ಅಂದಿದ್ದರೆ ಐಲಿಗೆ ಅನುಕೂಲವಾಗುತ್ತಿತ್ತು.

ಹೊರಗೆ ನಿಂತವಳು ಬಾಗಿಲು ತಟ್ಟಲೂ ಇಲ್ಲ. ಐಲಿಯ ಮುಖ ನೋಡಿದಳು, ಗೊತ್ತಾಯಿತು ಎನ್ನುವ ಹಾಗೆ ತಲೆದೂಗಿದಳು, ಮೆಟ್ಟಿಲು ಹತ್ತಿ ಹೋದಳು. ಅವಳು ಅತ್ತು ಬೇಡಿಕೊಂಡಿದ್ದರೆ ತಾನು ತೆಗೆಯುತ್ತಿದ್ದೆನೇನೋ ಎಂದು ಐಲಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು. ಆ ತಲೆದೂಗುವಿಕೆಗೆ ಮಾತ್ರ ಅವಳ ಬಳಿ ಮದ್ದಿರಲಿಲ್ಲ. ಐದು ನಿಮಿಷ ಒರೆಸುವ ಕೋಲು ಹಿಡಿದು ನಿಂತಿದ್ದು, ಅದನ್ನು ಗೋಡೆಗೆ ಒರಗಿಸಿ ಕೋಟು ಎಳೆದುಕೊಂಡಳು.

"ಎಲ್ಲಿಗೆ? ಪಾಳಿ ಬಿಟ್ಟು ಹೋಗೋ ಹಾಗಿಲ್ಲ" ಅಂದ ಹೆಡ್ಲಂಡ್.

"ಬರ್ಕೊಳ್ಳಿ. ಹತ್ತೂ ಇಪ್ಪತ್ತೇಳಕ್ಕೆ ಹೋದಳು ಅಂತ ಬರ್ಕೊಳ್ಳಿ."

ಊರಿನಲ್ಲಿ ಆ ಹೊತ್ತಿಗೆ ಬೆಳಕಿದ್ದದ್ದು ಎರಡೇ ಕಡೆ, ಪೆಟ್ರೋಲ್ ಬಂಕು ಮತ್ತು ನಾಣ್ಯ ಹಾಕಿ ಬಟ್ಟೆ ಒಗೆದುಕೊಳ್ಳುವ ಅಂಗಡಿ. ಡಾರ್ಲಾ ಒಗೆಯುವ ಅಂಗಡಿಯಲ್ಲಿದ್ದಳು. ಬಿಸಿಗಾಳಿಯ ಮೆಷಿನ್ನಿಗೆ ಬೆನ್ನು ಕೊಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಪೊಟ್ಟಣದಲ್ಲಿದ್ದ ಆಲೂಗಡ್ಡೆ ತಿನ್ನುತ್ತಿದ್ದಳು.

"ಏಳು, ನನ್ನ ಮನೆಗೆ ಹೋಗೋಣ" ಅಂದಳು ಐಲಿ.

"ಪಾಳಿಯವರು ನಮ್ಮನ್ನ ಮನೆಗೆ ಕರ್ಕೊಂಡು ಹೋಗಬಾರ್ದು ಅಂತ ನಿಯಮ ಇದೆಯಲ್ಲ."

"ಸುಡುಗಾಡು ನಿಯಮ. ಏಳು."

ಡಾರ್ಲಾ ಏಳಲಿಲ್ಲ. "ಇವತ್ತು ರಾತ್ರಿ ಬರ್ತೀನಿ. ನಾಳೆ? ನಾಳಿದ್ದು? ನಿಮ್ಮ ಯಜಮಾನರು ಮೂರನೇ ದಿನ ಮುಖ ಸಣ್ಣ ಮಾಡ್ತಾರೆ. ನನ್ನ ಅಕ್ಕನ ಮನೇಲೂ ಹಾಗೇ ಆಯ್ತು. ನನಗೆ ಯಾರ ಮನೆಯೂ ಬೇಡ, ಐಲಿ. ಆ ಆರನೇ ಮಂಚ ಇದೆಯಲ್ಲ, ಅದು ಯಾರ ಋಣಾನೂ ಅಲ್ಲ. ಅದು ಸಾಕಿತ್ತು."

ಐಲಿ ಎದುರಿನ ಕುರ್ಚಿಯಲ್ಲಿ ಕುಸಿದು ಕೂತಳು. ಇಬ್ಬರೂ ಸ್ವಲ್ಪ ಹೊತ್ತು ಯಾರದೋ ಬಟ್ಟೆ ಮೆಷಿನ್ನಿನೊಳಗೆ ತಿರುಗುವುದನ್ನು ನೋಡಿದರು. "ಒಂದಿಷ್ಟು ದಿನ ತಡಿ. ಕೆಲಸ ಮಾತ್ರ ಬಿಡಬೇಡ. ಬಾಗಿಲು ತೆಗೆಸ್ತೀನಿ" ಅಂದಳು ಐಲಿ. ಡಾರ್ಲಾ ಆಲೂಗಡ್ಡೆಯ ಪೊಟ್ಟಣವನ್ನು ಅವಳ ಕಡೆ ಚಾಚಿದಳು.

ಅಲ್ಲಿಂದ ಐಲಿಗೆ ಫೋನೇ ಕೆಲಸವಾಯಿತು. ಸಮಿತಿಯ ಸದಸ್ಯರಲ್ಲಿ ಒಬ್ಬಳಿಗೆ ಮೊಮ್ಮಗಳ ಹಾಕಿ ಪಂದ್ಯ, ಒಬ್ಬನಿಗೆ ಕಣ್ಣಿನ ಆಪರೇಷನ್. ಫ್ಲಾರಿಡಾದವನು ಫೋನಿನಲ್ಲಿ ಎಲ್ಲವನ್ನೂ ಕೇಳಿ, "ಪಾಪ" ಅಂದು, ಅಲ್ಲಿ ಇವತ್ತು ಸ್ವಲ್ಪ ಮೋಡ ಇದೆ ಎಂದು ಹೇಳಿದ. ಚರ್ಚಿನ ಪಾಸ್ಟರಮ್ಮ "ನನ್ನ ಬೆಂಬಲ ಪೂರ್ತಿ ಇದೆ, ಆದ್ರೆ ಸಮಿತಿಯ ಕೆಲಸದಲ್ಲಿ ನಾನು ಕೈಹಾಕೋದು ಚೆನ್ನಾಗಿರಲ್ಲ" ಅಂದಳು. ಐಲಿ ಹೆದ್ದಾರಿಯ ಹೋಟೆಲಿಗೂ ಹೋಗಿ, ಡಾರ್ಲಾಳನ್ನು ಎಂಟೂವರೆಗೆ ಬಿಡಲಾದೀತೇ ಎಂದು ಮಾಲೀಕನನ್ನು ಕೇಳಿದಳು.

"ಅಮ್ಮ, ಜನ ಏಳಕ್ಕೆ ಊಟಕ್ಕೆ ಕೂರ್ತಾರೆ. ತಟ್ಟೆ ಕೊಳೆಯಾಗೋದೇ ಎಂಟರ ಮೇಲೆ" ಅಂದ ಅವನು.

ಅದರಲ್ಲಿ ತಪ್ಪು ಹುಡುಕಲು ಅವಳಿಂದಾಗಲಿಲ್ಲ. ಎಲ್ಲರ ಮಾತೂ ಅವರವರ ಮಟ್ಟಿಗೆ ಸರಿ. ಅದೇ ಅವಳ ತಲೆ ಕೆಡಿಸಿದ್ದು. ಹಿಮ ಅಡ್ಡ ಬಿದ್ದಿದ್ದರೆ ಲಾರಿ ಗೇರಿಗೆ ಹಾಕಿ ತಳ್ಳಬಹುದು. ಇದನ್ನು ಎಲ್ಲಿಂದ ತಳ್ಳುವುದು?

ಮನೆಯಲ್ಲಿ ಅವಳ ಗಂಡ ಆರ್ವೊ ಎಲ್ಲವನ್ನೂ ನೋಡುತ್ತಿದ್ದ. ಅವನು ಮಾತಿಗಿಂತ ಹಬೆಸ್ನಾನದ ಸೌನಾ ಕೋಣೆಯ ಒಲೆಗೆ ಸೌದೆ ಒಡೆಯುವುದರಲ್ಲಿ ಮುಂದು. ಒಂದು ಸಂಜೆ ಅವಳು ಫೋನನ್ನು ಕುಕ್ಕಿ ಇಟ್ಟಾಗ ಅಂದ: "ಆರು ವರ್ಷದ ಹಿಂದೆ ಮೇಜು ಗುದ್ದಿ ಬಂದ ದಿನ ನನಗೆ ಕೈ ತೋರಿಸಿದ್ದೆ, ನೆನಪಿದೆಯಾ? ಊದಿಕೊಂಡಿತ್ತು. ಎಷ್ಟು ಖುಷಿಯಾಗಿದ್ದೆ."

"ಈಗ ಅದನ್ನ ಹೇಳೋ ಅಗತ್ಯ ಇತ್ತಾ?"

"ಇಲ್ಲಪ್ಪ. ಗಟ್ಟಿ ಗೋಡೆ ಕಟ್ಟಿದ್ದೀಯ ಅಂತ ಹೇಳಿದೆ. ಒಳ್ಳೇ ಕೆಲಸಗಾರ್ತಿ ನೀನು."

ಅವಳು ಒಲೆಯ ಮೇಲಿದ್ದ ಕೆಟಲಿನ ಮುಚ್ಚಳ ಎಸೆದಳು. ಅವನು ಬಗ್ಗಿದ. ಆದರೂ ಮರುದಿನದಿಂದ ಆರ್ವೊ ಸಂಜೆ ಒಂದು ಫ್ಲಾಸ್ಕಿನಲ್ಲಿ ಬಿಸಿ ಬಟಾಣಿ ಸೂಪು ತುಂಬಿಸಿ, ಯಾರಿಗೂ ಹೇಳದೆ, ಒಗೆಯುವ ಅಂಗಡಿಯ ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಬರತೊಡಗಿದ. ಡಾರ್ಲಾ ಅದನ್ನು ಖಾಲಿ ಮಾಡಿ, ತೊಳೆದು, ಅಲ್ಲೇ ಇಟ್ಟಿರುತ್ತಿದ್ದಳು. ಯಾರು ಇಟ್ಟರೆಂದು ಅವಳು ಕೇಳಲಿಲ್ಲ.

ಹತ್ತು ದಿನ ತಿಣುಕಿದ ಮೇಲೆ ಒಂದು ಸೋಮವಾರ ಮಧ್ಯಾಹ್ನ ಐದು ಜನ ಸೇರಿದರು. ಹಾಕಿ ಪಂದ್ಯದವಳು ಬಂದಳು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡವನೂ ಬಂದ. ಐಲಿ ಇಡೀ ವಾರ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದಳು. ನಿಂತು "ಆ ನಿಯಮ ನನ್ನದು, ಅದು ತಪ್ಪು" ಎಂದು ಶುರುಮಾಡಿದರೆ ಹತ್ತು ನಿಮಿಷದಲ್ಲಿ ಎಲ್ಲರೂ ಒಪ್ಪಿಬಿಟ್ಟರು. ಆಮೇಲಿನ ಒಂದೂಮುಕ್ಕಾಲು ಗಂಟೆ ಕೆಲಸದಿಂದ ಬರುವವರಿಗೆ ಕೊಡುವ ಚೀಟಿ ಹಳದಿ ಬಣ್ಣದ್ದಿರಬೇಕೋ ನೀಲಿಯದೋ, ಅದರ ಮೇಲೆ ಮಾಲೀಕರ ಸಹಿ ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಎಂಬುದರಲ್ಲಿ ಹೋಯಿತು. ಕೊನೆಗೆ ಹಳದಿ. ಒಂದು ತಿಂಗಳ ಮಟ್ಟಿಗೆ, ಪ್ರಯೋಗಕ್ಕೆಂದು, ಹತ್ತೂವರೆಗೆ ಒಮ್ಮೆ ಬಾಗಿಲು ತೆರೆಯುವುದು.

ಐಲಿ ಮೊದಲ ಹಳದಿ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಸಂಜೆ ಆರೂವರೆಗೆ ತಂಗುದಾಣಕ್ಕೆ ಬಂದಳು. ಸೋಮವಾರ ಡಾರ್ಲಾಗೆ ರಜೆ, ಸಾಲಿನಲ್ಲಿ ಇದ್ದೇ ಇರುತ್ತಾಳೆ. ಇದ್ದಳು. ಮುಖ ಬೂದಿಯ ಹಾಗಿತ್ತು, ಬಲಗೈಗೆ ಬಟ್ಟೆ ಸುತ್ತಿತ್ತು. ಐಲಿ ಚೀಟಿ ಮುಂದೆ ಹಿಡಿದಳು.

"ಆಯ್ತು! ಹತ್ತೂವರೆಗೆ ತೆಗೀತಾರೆ. ಬುಧವಾರದಿಂದ ನೀನು ಹೋಟ್ಲಿಂದ ನೇರ ಇಲ್ಲಿಗೇ ಬರಬಹುದು."

ಡಾರ್ಲಾ ಚೀಟಿಯನ್ನು ಓದಿದಳು, ತಿರುಗಿಸಿ ಹಿಂಬದಿಯನ್ನೂ ನೋಡಿದಳು. "ಕೆಲಸ ಬಿಟ್ಟೆ. ನಿನ್ನೆ."

"ಏನು?"

"ನಿಂತ ಹಾಗೇ ನಿದ್ದೆ ಹತ್ತಿಬಿಡ್ತು. ಒಂದು ಅಟ್ಟಿ ತಟ್ಟೆ ಕೈಯಿಂದ ಹೋಯ್ತು. ಅವರೇನೂ ಓಡಿಸಲಿಲ್ಲ. ನಾನೇ ಏಪ್ರನ್ ಬಿಚ್ಚಿ ಇಟ್ಟು ಬಂದೆ."

ಐಲಿಯ ಹತ್ತು ದಿನದ ಸಿಟ್ಟು, ಹೆಡ್ಲಂಡನ ಮೇಲಿನದು, ಫ್ಲಾರಿಡಾದವನ ಮೇಲಿನದು, ತನ್ನ ಮೇಲಿನದು, ಎಲ್ಲ ಸೇರಿ ಎದುರಿಗೆ ಸಿಕ್ಕವಳ ಮೇಲೆ ಬಿತ್ತು. "ಇನ್ನೊಂದೇ ಒಂದು ದಿನ! ಒಂದು ದಿನ ತಡ್ಕೊಳ್ಳೋಕೆ ಆಗ್ಲಿಲ್ವಾ ನಿನಗೆ? ನಿನಗೋಸ್ಕರ ನಾನು ಎಷ್ಟು ಜನರ ಹತ್ರ..."

"ಒಂದು ದಿನ ಅಂತ ಯಾರು ಹೇಳಿದ್ರು ನನಗೆ?" ಡಾರ್ಲಾ ದನಿ ಏರಿಸಲಿಲ್ಲ. "ಹತ್ತು ರಾತ್ರಿ ನೀವು ಹಾಸಿಗೆ ಮೇಲೆ ಮಲಗಿದ್ರಿ, ಐಲಿ. ಫೋನ್ ಮಾಡೋಕೆ ಅದರಿಂದ ಶಕ್ತಿ ಬರುತ್ತೆ."

ಸಾಲಿನಲ್ಲಿ ಹಿಂದೆ ಇದ್ದ ಮರ್ಲ್ ಕೆಮ್ಮಿದ. ಯಾವಾಗಲೂ ಏನಾದರೊಂದು ಚುಚ್ಚುಮಾತು ಬಿಡುವವನು ಆಗ ತನ್ನ ಬೂಟನ್ನು ನೋಡಿಕೊಂಡ. ಬಾಗಿಲು ತೆರೆಯಿತು, ಎಲ್ಲರೂ ಒಳಗೆ ಹೋದರು. ಡಾರ್ಲಾ ಆರನೇ ಮಂಚದಲ್ಲಿ ಊಟವನ್ನೂ ಮಾಡದೆ ಹದಿನಾಲ್ಕು ಗಂಟೆ ಮಲಗಿದಳು. ಬೆಳಗ್ಗೆ ಏಳಕ್ಕೆ ಎಲ್ಲರೂ ಹೊರಡಬೇಕು. ಐಲಿ ಅವಳನ್ನು ಒಂಬತ್ತರವರೆಗೆ ಎಬ್ಬಿಸಲಿಲ್ಲ. ಅದನ್ನು ಯಾರೂ ಬರೆದುಕೊಳ್ಳಲೂ ಇಲ್ಲ.

ಮರುದಿನ ಐಲಿ ಹೋಟೆಲಿಗೆ ಓಡಿದಳು. ಆ ಜಾಗಕ್ಕೆ ಮಾಲೀಕನ ನಾದಿನಿ ಬಂದು ನಿಂತಾಗಿತ್ತು.

ಆಮೇಲಿನ ದಿನಗಳನ್ನು ಐಲಿ ಜ್ಞಾಪಿಸಿಕೊಳ್ಳಲು ಇಷ್ಟಪಡುವುದಿಲ್ಲ. ಹತ್ತೂವರೆಯ ಬಾಗಿಲು ಮಂಜೂರಾಗಿತ್ತಲ್ಲ, ತೆರೆಯಲು ಒಬ್ಬರು ಎಚ್ಚರವಿರಬೇಕು. ಆ ಪಾಳಿಯನ್ನು ಐಲಿಯೇ ತೆಗೆದುಕೊಂಡಳು. ದಿನಾ ಒಂಬತ್ತರಿಂದ ಹತ್ತೂವರೆಯವರೆಗೆ ಕಾಲುಚೀಲ ಹೆಣೆಯುತ್ತಾ ಮೆಟ್ಟಿಲ ಕೆಳಗೆ ಕೂತಳು. ಹತ್ತೂವರೆಗೆ ಚಿಲಕ ತೆಗೆದು ಹೊರಗೆ ತಲೆ ಹಾಕುವಳು, ಗಾಳಿ ಮೂಗಿಗೆ ಹೊಡೆಯುವುದು, ಮತ್ತೆ ಮುಚ್ಚುವಳು. ಒಬ್ಬರೂ ಬರಲಿಲ್ಲ. ರಾತ್ರಿ ಕೆಲಸ ಇದ್ದವರು ಆ ಹದಿನಾಲ್ಕು ಮಂದಿಯಲ್ಲಿ ಯಾರೂ ಇರಲಿಲ್ಲ. ಹೆಡ್ಲಂಡ್ ಪುಸ್ತಕದಲ್ಲಿ ದಿನಾ ಒಂದು ಸೊನ್ನೆ ಹಾಕುತ್ತಿದ್ದ. ತಿಂಗಳು ತುಂಬಿದಾಗ ಸೊನ್ನೆಗಳ ಸಾಲನ್ನು ಅವಳಿಗೆ ತೋರಿಸಿ, ಬೇಸರದಿಂದಲೇ, "ಮುಂದುವರಿಸೋಕೆ ಕಾರಣ ಕಾಣ್ತಿಲ್ಲ, ಐಲಿ" ಅಂದ. ಪ್ರಯೋಗ ಮುಗಿಯಿತು. ಅವಳ ಬಳಿ ಉಳಿದದ್ದು ಏಳು ಜೊತೆ ಕಾಲುಚೀಲ. ಮರ್ಲ್ ಎರಡು ಜೊತೆ ತೆಗೆದುಕೊಂಡು, "ಕಿವಿಗೂ ಒಂದು ಹೆಣೆದುಬಿಡಿ" ಅಂದ.

ಆ ತಿಂಗಳೆಲ್ಲ ಡಾರ್ಲಾ ಅವಳೊಂದಿಗೆ ಬೇಕಾದಷ್ಟೇ ಮಾತಾಡಿದ್ದಳು. ಲೋಟ ತೊಳೆಯುವುದನ್ನು ಮಾತ್ರ ಬಿಟ್ಟಿರಲಿಲ್ಲ. ಮಾರ್ಚ್ ಮೊದಲ ವಾರ ಒಂದು ರಾತ್ರಿ ಲೋಟ ಒರೆಸುತ್ತಾ, ಗೋಡೆಗೆ ಹೇಳುವ ಹಾಗೆ, ಅಂದಳು: "ಬಂದರಿನ ಬೇಕರೀಲಿ ಜನ ಬೇಕಂತೆ."

ಐಲಿ ತಿರುಗದೆ ಕೇಳಿದಳು. "ಎಷ್ಟು ಹೊತ್ತಿಗೆ?"

"ಬೆಳಗಿನ ಜಾವ ನಾಲ್ಕಕ್ಕೆ ಶುರು."

ತಂಗುದಾಣದಲ್ಲಿ ಬೆಳಗ್ಗೆ ಆರಕ್ಕೆ ಮೊದಲು ಯಾರನ್ನೂ ಹೊರಗೆ ಬಿಡುವಂತಿರಲಿಲ್ಲ. ಮೊದಲು ಡಾರ್ಲಾಗೆ ನಗು ಬಂತು, ಬಾಯಿಗೆ ಒರೆಸುವ ಬಟ್ಟೆ ಒತ್ತಿಕೊಂಡಳು. ಐಲಿಗೆ ನಗು ಬರಲಿಲ್ಲ. ಅವಳಿಗೆ ಹೆಡ್ಲಂಡನ ಫೈಲು ಕಣ್ಣಿಗೆ ಕಟ್ಟಿತು, ಹಾಕಿ ಪಂದ್ಯ, ಫ್ಲಾರಿಡಾದ ಮೋಡ, ಹಳದಿ ಚೀಟಿ.

"ಯಾವತ್ತಿಂದ ಬಾ ಅಂದಿದ್ದಾರೆ?"

"ಸೋಮವಾರದಿಂದ."

"ಹೋಗು."

"ಬಾಗಿಲು?"

"ನಾನು ಮೂರಕ್ಕೇ ಏಳೋಳು. ಇಪ್ಪತ್ತೇಳು ವರ್ಷದ ಅಭ್ಯಾಸ. ಯಾರನ್ನೂ ಕೇಳಬೇಡ, ಯಾರಿಗೂ ಹೇಳಬೇಡ."

ಖಾಲಿ ಬಿದ್ದ ಪಾಳಿಗಳೆಲ್ಲ ಅವಳವೇ ಆದವು. ಚಳಿಗಾಲದ ಕೊನೆಗೆ ಸ್ವಯಂಸೇವಕರು ಸುಸ್ತಾಗಿರುತ್ತಾರೆ, ಯಾರೂ ಬೇಡ ಅನ್ನಲಿಲ್ಲ. ಡಾರ್ಲಾ ಮೂರೂವರೆಗೆ ಬೂಟುಗಳನ್ನು ಕೈಯಲ್ಲಿ ಹಿಡಿದು ಮಂಚಗಳ ನಡುವೆ ಬೆರಳ ತುದಿಯಲ್ಲಿ ನಡೆದು ಬರುವಳು, ಐಲಿ ಬೀಗದ ಕೈ ತಿರುಗಿಸಿ ಚಿಲಕ ತೆಗೆಯುವಳು. ಅಷ್ಟೇ. ಹನ್ನೊಂದು ದಿನ ಹೀಗೆ ನಡೆಯಿತು. ಹನ್ನೆರಡನೆಯ ದಿನ, ಐಲಿಯ ಜೊತೆ ಪಾಳಿಯಲ್ಲಿದ್ದ ಹೆಡ್ಲಂಡ್ ಸೊಂಟನೋವಿಗೆ ನಿದ್ದೆ ಬಾರದೆ ಎದ್ದು ಮೆಟ್ಟಿಲ ಬಳಿ ಬಂದು ನಿಂತಿದ್ದ.

ಡಾರ್ಲಾ ಹೆದರಿ ನಿಂತಳು. "ನೀನು ಹೋಗು, ಹೊತ್ತಾಗುತ್ತೆ" ಎಂದು ಐಲಿ ಅವಳನ್ನು ಹೊರಗೆ ಕಳಿಸಿ ಬಾಗಿಲು ಮುಚ್ಚಿ ತಿರುಗಿದಳು.

"ಎಷ್ಟು ದಿನದಿಂದ?" ಅಂದ ಹೆಡ್ಲಂಡ್.

"ಹನ್ನೆರಡು."

"ಸಭೆಗೆ ತರಬೇಕಿತ್ತು."

"ತಂದಿದ್ರೆ ಇಷ್ಟೊತ್ತಿಗೆ ಚೀಟಿ ಯಾವ ಬಣ್ಣದ್ದು ಅಂತ ಮಾತಾಡ್ತಿರ್ತಿದ್ವಿ."

"ಹಾಗಲ್ಲ. ಕತ್ತಲಲ್ಲಿ ಆ ಮೆಟ್ಟಿಲ ಮೇಲೆ ಜಾರಿ ಬಿದ್ದಳು ಅಂತಿಟ್ಕೊಳ್ಳಿ. ವಿಮೆಯವರು ತಂಗುದಾಣಾನೇ ಮುಚ್ಚಿಸ್ತಾರೆ. ಹದಿನಾಲ್ಕು ಜನ ಬೀದಿಗೆ. ನನಗೆ ಅದು ಬರೀ ಕಾಗದ ಅಲ್ಲ, ಐಲಿ."

ಅವನಿಗೂ ಇದರಲ್ಲಿ ನಿದ್ದೆ ಕೆಟ್ಟಿದೆ ಎಂದು ಐಲಿಗೆ ಮೊದಲ ಸಲ ಹೊಳೆಯಿತು. ಆದರೂ ಸಿಟ್ಟು ಇಳಿಯಲಿಲ್ಲ. "ಮೆಟ್ಟಿಲ ಮೇಲಿನ ಹಿಮ ಕರಗೋ ಹಾಗೆ ಉಪ್ಪು ನಾನೇ ಹಾಕ್ತೀನಿ, ದಿನಾ ಮೂರು ಗಂಟೆಗೆ. ಬರ್ಕೊಳ್ಳೋದಾದ್ರೆ ಅದನ್ನೂ ಬರ್ಕೊಳ್ಳಿ" ಅಂದಳು.

ಅವನು ಬರೆದುಕೊಂಡ. ಅದು ಸಭೆಗೆ ಹೋಯಿತು. ಆ ವಾರವೇ ಸಮಿತಿ ಐಲಿಯಿಂದ ಬೀಗದ ಕೈ ವಾಪಸು ಪಡೆದು ಅದನ್ನು ಹೆಡ್ಲಂಡನ ಕೈಗೆ ಕೊಟ್ಟಿತು. ಆರಕ್ಕೆ ಮೊದಲು ಹೊರಡುವ ವಿಚಾರ ಪರಿಶೀಲನೆಯಲ್ಲಿದೆ ಎಂದಿತು. ಐಲಿ ಬೀಗದ ಕೈಗೊಂಚಲನ್ನು ಮೇಜಿನ ಮೇಲೆ ಎಸೆದಳು, ಮನೆಗೆ ಬಂದಳು, ಇನ್ನು ಆ ಚರ್ಚಿನ ಮೆಟ್ಟಿಲು ತುಳಿಯುವುದಿಲ್ಲ ಎಂದು ಆರ್ವೊನಿಗೆ ಮೂರು ಸಲ ಹೇಳಿದಳು. ಅವನು ಮೂರು ಸಲವೂ "ಹೂಂ" ಅಂದ. ಸಂಜೆ ಆರಕ್ಕೆ ಅವಳು ಕೋಟು ಹಾಕಿಕೊಂಡಾಗಲೂ "ಹೂಂ" ಅಂದ.

ಆ ರಾತ್ರಿ ಮೂರೂವರೆಗೆ ಐಲಿ ಹೆಡ್ಲಂಡನ ಕುರ್ಚಿಯ ಬಳಿ ಹೋಗಿ ಅವನ ಭುಜ ಅಲ್ಲಾಡಿಸಿದಳು.

"ಏಳಿ. ಬೀಗದ ಕೈ ನಿಮ್ಮ ಹತ್ರ ಇದೆ. ಡಾರ್ಲಾ ಬೇಕರಿಗೆ ಹೋಗ್ಬೇಕು."

ಹೆಡ್ಲಂಡ್ ಕಣ್ಣು ಬಿಟ್ಟು ಅವಳನ್ನು ನೋಡಿದ, ಬೂಟು ಹಿಡಿದು ನಿಂತ ಡಾರ್ಲಾಳನ್ನು ನೋಡಿದ. ಪರಿಶೀಲನೆಯಲ್ಲಿದೆ ಎಂದು ಗೊಣಗಿದ. ಸೊಂಟ ಹಿಡಿದುಕೊಂಡು ಎದ್ದ. ಟಾರ್ಚು ತೆಗೆದುಕೊಂಡು ಮೆಟ್ಟಿಲುಗಳನ್ನು ಒಂದೊಂದಾಗಿ ಬೆಳಗಿ ನೋಡಿ, ಬಾಗಿಲು ತೆಗೆದ. ಡಾರ್ಲಾ ಬೀದಿಯ ತಿರುವು ದಾಟುವವರೆಗೂ ಟಾರ್ಚು ಹಿಡಿದೇ ನಿಂತಿದ್ದ. ಒಳಗೆ ಬಂದು ಪುಸ್ತಕ ಬಿಡಿಸಿ ಬಾಗಿಲು ತೆಗೆದ ಹೊತ್ತನ್ನು ಬರೆದ.

ಏಪ್ರಿಲ್ ಮಧ್ಯದಲ್ಲಿ ತಂಗುದಾಣ ಮುಚ್ಚುವವರೆಗೆ ಹೀಗೇ ನಡೆಯಿತು. ಕೆಲಸವಿದ್ದ ದಿನವೆಲ್ಲ ಐಲಿ ಎಬ್ಬಿಸುವಳು, ಅವನು ಗೊಣಗುವನು, ತೆಗೆಯುವನು, ಬರೆಯುವನು. ಅವನ ಪಾಳಿಯಲ್ಲದ ರಾತ್ರಿಗಳಲ್ಲಿ ಅವಳು ಮನೆಗೇ ಫೋನು ಮಾಡಿ ಎಬ್ಬಿಸಿದಳು. ಅವನು ಪೈಜಾಮದ ಮೇಲೆ ಕೋಟು ಹಾಕಿಕೊಂಡು ಕಾರಿನಲ್ಲಿ ಬಂದ. ಬೀಗದ ಕೈಯನ್ನು ಅವಳಿಗೇ ಬಿಟ್ಟು ಹೋಗಿ ಎಂದರೆ ಒಪ್ಪುತ್ತಿರಲಿಲ್ಲ. ಇಬ್ಬರೂ ಒಬ್ಬರ ಮೇಲೊಬ್ಬರು ಉರಿಯುತ್ತಲೇ ಇದ್ದರು.

ಮೇ ತಿಂಗಳಲ್ಲಿ ಡಾರ್ಲಾ ಬೇಕರಿಯ ಇನ್ನೊಬ್ಬಳ ಜೊತೆ ಸೇರಿ ಬಂದರಿನ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದಳು. ಐಲಿಯನ್ನು ಕರೆಯಲಿಲ್ಲ. ಬೇಕರಿಯಲ್ಲಿ ಸಿಕ್ಕಾಗ ಗಾಜಿನ ಹಿಂದಿನಿಂದ ತಲೆದೂಗುತ್ತಾಳೆ, ಕೆಲವು ಸಲ ಒಂದು ಬನ್ನು ಹೆಚ್ಚಿಗೆ ಹಾಕುತ್ತಾಳೆ. ಇನ್ನೂ ಏನಾದರೂ ಹೇಳುತ್ತಾಳೆಂದು ಐಲಿ ಸ್ವಲ್ಪ ಹೊತ್ತು ನಿಲ್ಲುವುದುಂಟು. ಹಿಂದೆ ಸಾಲು ಬೆಳೆಯುತ್ತದೆ, ಐಲಿ ಹೊರ ಬರುತ್ತಾಳೆ. ಮರ್ಲ್ ಬೇಸಿಗೆಗೆ ದಕ್ಷಿಣಕ್ಕೆ ಹೋದವನು ಅಕ್ಟೋಬರಿನಲ್ಲಿ ಮತ್ತೆ ಬಂದ.

ಆ ಅಕ್ಟೋಬರಿನ ಸಭೆಯಲ್ಲಿ ಹೆಡ್ಲಂಡ್ ಹೊಸ ಚಳಿಗಾಲದ ವಿಷಯಪಟ್ಟಿಯ ಕಾಗದಗಳನ್ನು ಹಂಚಿದ. ಬೆಳಗಿನ ಜಾವದ ಬಾಗಿಲಿನ ವಿಷಯ ಏಳನೆಯದಾಗಿತ್ತು. ಆರನೆಯದು ಮುಗಿಯುವಷ್ಟರಲ್ಲಿ ಹೊತ್ತಾಯಿತೆಂದು ಸಭೆ ಎದ್ದಿತು. ಐಲಿ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗೆ ತುರುಕಿ, ಮಂಚಗಳನ್ನು ಇಳಿಸಲು ಉಗ್ರಾಣದ ಕಡೆ ನಡೆದಳು. ಮೂರು ಮಂಚದ ಕಾಲು ಮುರಿದಿದ್ದವು.

"ಇವನ್ನ ರಿಪೇರಿಗೆ ಕೊಡಿ ಅಂತ ಮೇ ತಿಂಗಳಲ್ಲೇ ಹೇಳಿದ್ದೆ!" ಎಂದು ಅವಳು ಒಳಗಿನಿಂದ ಕೂಗಿದ್ದು ಮೇಲಿನ ಚರ್ಚಿಗೂ ಕೇಳಿಸಿತು.